ಕಾಲುವೆ ಪಕ್ಕದ 200 ಮೀಟರ್: ಬೆಂಗಳೂರಿನ ನದಿ ಕಾಯಲು ಗುಂಪು ಕಟ್ಟುವುದು ಹೇಗೆ?

ಬೆಂಗಳೂರಲ್ಲಿ ನದಿ ಎಲ್ಲಿದೆ ಅಂತ ಕೇಳುವವರೇ ಜಾಸ್ತಿ. ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯ ದೇವಸ್ಥಾನ ದಾಟಿ ನಾಯಂಡಹಳ್ಳಿ ಕಡೆ ಹೋಗುವಾಗ ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತೀರಲ್ಲ, ಅಲ್ಲಿ ಹರಿಯುವುದೇ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಎಂಬುದು ಜನರ ನಂಬಿಕೆ. ಮಲ್ಲೇಶ್ವರದ ಕಡೆಯಿಂದಲೂ ಒಂದು ಕವಲು ಬರುತ್ತದೆ. ಕೆಂಗೇರಿ, ಬಿಡದಿ ಕಡೆ ಹರಿದು ಬೈರಮಂಗಲ ಕೆರೆ ತುಂಬಿ, ಮುಂದೆ ಅರ್ಕಾವತಿಗೆ ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಕಾವೇರಿಯಿಂದ ಪಂಪ್ ಮಾಡಿ ತಂದು ನಾವು ಬಳಸಿದ ನೀರಿನಲ್ಲಿ ಒಂದು ಪಾಲು ಹೀಗೆ ಕೊಳಕಾಗಿ ಮತ್ತೆ ಕಾವೇರಿಗೇ ಹೋಗುತ್ತಿದೆ. ನಡುವೆ ಬೈರಮಂಗಲದ ರೈತರು ಇದೇ ನೀರಲ್ಲಿ ಬೆಳೆ ತೆಗೆಯುತ್ತಾರೆ.

ಇದಕ್ಕೆ ನಾವು ಮಾಡಬಹುದಾದ ಕೆಲಸ ಬಹಳಷ್ಟಿದೆ. ಆದರೆ ಒಂದು ಭಾನುವಾರ ಕೈಗೆ ಗ್ಲೌಸ್ ಹಾಕಿ, ನಾಲ್ಕು ಚೀಲ ಕಸ ಎತ್ತಿ, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡರೆ ನದಿಗೆ ಏನೂ ಆಗುವುದಿಲ್ಲ. ಮುಂದಿನ ಮಳೆಗೆ ಅಷ್ಟೇ ಕಸ ಮತ್ತೆ ಬಂದಿರುತ್ತದೆ. ನನ್ನ ಸಲಹೆ ಇಷ್ಟೇ. ಚಿಕ್ಕ ಒಂದು ತುಂಡು ಹಿಡಿದುಕೊಳ್ಳಿ. ಅದನ್ನು ವರ್ಷವಿಡೀ ಬಿಡಬೇಡಿ. ಕೊಳಕು ಯಾವ ಬಾಯಿಂದ ಬರುತ್ತಿದೆ ಅಂತ ಹುಡುಕಿ, ಆ ಬಾಯಿ ಮುಚ್ಚಿಸಿ. ಕಸ ಎತ್ತುವುದು ಇದರಲ್ಲಿ ಒಂದು ಭಾಗ ಮಾತ್ರ.

ಮೊದಲು ನೀರಿನ ದಾರಿ ತಿಳಿದುಕೊಳ್ಳಿ

ಬೆಂಗಳೂರು ದಿಬ್ಬದ ಮೇಲೆ ಬೆಳೆದ ಊರು. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿ ಕಡೆ ಇಳಿಯುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿ ಕಡೆ ಇಳಿಯುತ್ತದೆ. ಈ ಎರಡು ನದಿಗಳೂ ಹುಟ್ಟುವುದು ನಂದಿಬೆಟ್ಟದ ಕಡೆ. ರಾಜಾಜಿನಗರ, ವಿಜಯನಗರದ ನೀರು ವೃಷಭಾವತಿಗೆ ಹೋಗುತ್ತದೆ. ಕೋರಮಂಗಲದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತದೆ. ಹೆಬ್ಬಾಳ, ನಾಗವಾರದ ನೀರೂ ಪಿನಾಕಿನಿಯದೇ. ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಹತ್ತಿದ್ದು ನೆನಪಿರಬೇಕು. ಆ ಕೆರೆಗೆ ಹರಿದದ್ದು ಮೇಲಿನ ಬಡಾವಣೆಗಳ ಚರಂಡಿ ನೀರೇ.

ನಿಮ್ಮ ಮನೆ ಹತ್ತಿರದ ರಾಜಕಾಲುವೆ, ಅಂದರೆ ಮಳೆ ನೀರು ಹರಿಯುವ ದೊಡ್ಡ ಕಾಲುವೆ, ಇದರಲ್ಲಿ ಯಾವ ಕಡೆಯದು ಅಂತ ನೋಡಿ. ಮೊಬೈಲ್‌ನಲ್ಲಿ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ ಎಲ್ಲಿದ್ದವು ಅನ್ನುವುದೂ ಸಿಗುತ್ತದೆ. ಆ ನಕ್ಷೆ ಇಟ್ಟುಕೊಂಡು ಒಮ್ಮೆ ನಡೆದರೆ, ಕಾಲುವೆ ಎಲ್ಲಿ ಸಣ್ಣದಾಯಿತು, ಎಲ್ಲಿ ಕಟ್ಟಡದ ಕೆಳಗೆ ಹೋಯಿತು ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ.

ಇನ್ನು ತುಂಡು ಆರಿಸುವುದು. 200 ಮೀಟರ್ ಸಾಕು. ಒಂದು ಸೇತುವೆಯಿಂದ ಇನ್ನೊಂದು ಸೇತುವೆವರೆಗೆ ಅಂದರೆ ಇನ್ನೂ ಒಳ್ಳೆಯದು, ಗಡಿ ಎಲ್ಲರಿಗೂ ಗೊತ್ತಿರುತ್ತದೆ. ಗುಂಪಿನ ಜನ ನಡೆದೇ ಬರುವಷ್ಟು ಹತ್ತಿರ ಇರಲಿ. ದೂರದ ಜಾಗ ಆರಿಸಿದ ಗುಂಪುಗಳು ಹೆಚ್ಚು ದಿನ ನಿಲ್ಲುವುದಿಲ್ಲ.

ಸುಮ್ನೆ ನಡೆದು ನೋಡಿ, ಕೈ ಹಾಕಬೇಡಿ

ಮೊದಲ ಕೆಲವು ವಾರ ಕಸ ಮುಟ್ಟಬೇಡಿ. ಒಂದು ನೋಟ್‌ಬುಕ್ ಹಿಡಿದು ನಡೆಯಿರಿ. ಕಾಲುವೆ ಗೋಡೆಯಲ್ಲಿ ಕಾಣುವ ಪ್ರತಿ ಪೈಪಿಗೂ ಒಂದು ನಂಬರ್ ಕೊಟ್ಟು ಗುರುತು ಹಾಕಿಕೊಳ್ಳಿ.

ಇದರಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ರಾಜಕಾಲುವೆ ಇರುವುದು ಮಳೆ ನೀರಿಗೆ. ಒಂದು ವಾರದಿಂದ ಮಳೆಯೇ ಇಲ್ಲ ಅಂದರೆ ಅದಕ್ಕೆ ಬೀಳುವ ಪೈಪುಗಳೆಲ್ಲ ಒಣಗಿರಬೇಕು. ಆಗಲೂ ಹರಿಯುವ ಪೈಪ್ ಕಂಡರೆ ಅದರಲ್ಲಿ ಬರುತ್ತಿರುವುದು ಮನೆಯದೋ, ಹೋಟೆಲಿನದೋ, ಫ್ಯಾಕ್ಟರಿಯದೋ ನೀರು. ಬೆಳಗ್ಗೆ 6ರಿಂದ 9ರವರೆಗೆ ಹರಿವು ಜೋರಾಗಿ, ಸೋಪಿನ ನೊರೆ ಬಂದು, ಮಧ್ಯಾಹ್ನ ಕಡಿಮೆ ಆದರೆ ಬಹುಪಾಲು ಮನೆಗಳ ನೀರು. ಬೂದು ಬಣ್ಣದ ಮೇಲೆ ಜಿಡ್ಡು ತೇಲಿದರೆ ಅಡುಗೆಮನೆ ಹುಡುಕಿ. ನೀಲಿ, ಕೆಂಪು ಅಂತ ಬಣ್ಣ ಬದಲಾಗುತ್ತಿದ್ದರೆ, ಅದೂ ರಾತ್ರಿ ಹೊತ್ತು ಬಿಡುತ್ತಿದ್ದರೆ, ಅದು ಬೇರೆಯೇ ಕಥೆ. ಅದಕ್ಕೆ ಮುಂದೆ ಬರುತ್ತೇನೆ.

ಕಸವನ್ನೂ ಹೀಗೇ ಗಮನಿಸಿ. ಒಂದು ಸೇತುವೆಯ ಕೆಳಗೆ ಕಂಬಿಗೆ ಸಿಕ್ಕಿಕೊಂಡಿದ್ದ ಹರಿದ ಫ್ಲೆಕ್ಸ್ ಒಂದನ್ನು ನಾವು ದೋಟಿಯಿಂದ ಎಳೆದು ದಡಕ್ಕೆ ಹಾಕಿದೆವು. ಅದರ ಮಡಿಕೆಯೊಳಗೆ ಹಾಲಿನ ಪ್ಯಾಕೆಟ್‌ಗಳು, ಶಾಂಪೂ ಸ್ಯಾಷೆಗಳು, ಒಂದು ಎಳನೀರು ಬುರುಡೆ, ಗಾಜು ಒಡೆದ ಲಕ್ಷ್ಮಿ ಫೋಟೋ, ಗಂಟು ಕಟ್ಟಿದ ಕವರಿನಲ್ಲಿ ಕೋಳಿ ಪುಕ್ಕ, ಇನ್ನೊಂದು ಕವರಿನಲ್ಲಿ ಕತ್ತರಿಸಿದ ಕೂದಲು ಇತ್ತು. ಪುಕ್ಕ ಬಂತು ಅಂದರೆ ಮೇಲೆ ಎಲ್ಲೋ ಕೋಳಿ ಅಂಗಡಿ ಇದೆ. ಕೂದಲು ಬಂತು ಅಂದರೆ ಸಲೂನ್ ಇದೆ. ಒಂದೇ ಥರದ ಪೇಪರ್ ತಟ್ಟೆ ನೂರಾರು ಬಂದರೆ ಕಲ್ಯಾಣ ಮಂಟಪ ಇದೆ. ಹುಡುಕಿದರೆ ನಾಲ್ಕೈದು ಜಾಗಗಳಷ್ಟೇ ಸಿಗುತ್ತವೆ. ಅವರ ಹತ್ತಿರ ಹೋಗಿ ಕೂತು ಮಾತಾಡುವುದು ವಾರವಾರ ಕಸ ಎತ್ತುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ತುಂಬ ಕಡೆ ಸಮಸ್ಯೆ ಏನೆಂದರೆ ಕಸದ ಗಾಡಿ ಬರುವ ಹೊತ್ತಿಗೆ ಆ ಅಂಗಡಿ ತೆಗೆದೇ ಇರುವುದಿಲ್ಲ. ಗಾಡಿ ಸಮಯ ಬದಲಾಯಿಸಿದರೆ ಕವರ್ ಕಾಲುವೆಗೆ ಬೀಳುವುದು ನಿಲ್ಲುತ್ತದೆ.

ಯಾರನ್ನು ಸೇರಿಸಿಕೊಳ್ಳಬೇಕು?

ನೂರು ಜನರ ವಾಟ್ಸ್‌ಆ್ಯಪ್ ಗ್ರೂಪಿಗಿಂತ ತಪ್ಪದೆ ಬರುವ ಎಂಟು ಜನ ಮೇಲು. ಅದರಲ್ಲಿ ಒಬ್ಬರಾದರೂ ಆ ಏರಿಯಾದಲ್ಲಿ ಹಳಬರಿರಲಿ. ಕಾಲುವೆ ಮೊದಲು ಹೇಗಿತ್ತು, ಯಾವ ಮಳೆಗೆ ಎಲ್ಲಿವರೆಗೆ ನೀರು ಬಂತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಸೇತುವೆ ಪಕ್ಕದ ಟೀ ಅಂಗಡಿಯವರು, ದೇವಸ್ಥಾನದ ಅರ್ಚಕರು, ಆಟೋ ಸ್ಟ್ಯಾಂಡಿನವರು ನಿಮ್ಮ ಕಣ್ಣು ಕಿವಿ ಆಗಬಲ್ಲರು.

ಪೌರಕಾರ್ಮಿಕರನ್ನು ಮೊದಲ ದಿನವೇ ಮಾತಾಡಿಸಿ. ಆ ಬೀದಿಯಲ್ಲಿ ಯಾರು ಯಾವ ಹೊತ್ತಿಗೆ ಕಸ ಎಸೆಯುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆದರೆ ನಿಮ್ಮ ಕಾರ್ಯಕ್ರಮಕ್ಕೆ ಅವರನ್ನು ದುಡಿಸಿಕೊಳ್ಳಬೇಡಿ. "ಅಕ್ಕ, ನೀವು ಕೂತ್ಕೊಳ್ಳಿ, ಇವತ್ತು ನಾವು ಎತ್ತುತ್ತೇವೆ. ಎಲ್ಲಿಂದ ಶುರು ಮಾಡೋಣ ಅಂತ ಮಾತ್ರ ಹೇಳಿ" ಅನ್ನಿ. ಕಸ ಆಯುವವರಿಗೂ ಇದೇ ಮಾತು. ಯಾವ ಪ್ಲಾಸ್ಟಿಕ್‌ಗೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಅನ್ನುವುದನ್ನು ಅವರಿಂದಲೇ ಕಲಿಯಬೇಕು. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಸ್ಥೆ ಕಸ ಆಯುವವರ ಜೊತೆಗೇ ಬೆಳೆದದ್ದು, ಅವರು ನಡೆಸುವ ಒಣ ಕಸ ಸಂಗ್ರಹ ಕೇಂದ್ರಗಳೂ ಇವೆ.

ಜನ ಸೇರಿದರೆ ಎಷ್ಟು ಆಗುತ್ತದೆ ಅಂತ ನೋಡಬೇಕಾದರೆ ಪುಟ್ಟೇನಹಳ್ಳಿ ಕೆರೆಗೋ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೋ ಒಮ್ಮೆ ಹೋಗಿ ಬನ್ನಿ. ಎರಡನ್ನೂ ಸುತ್ತಲಿನ ನಿವಾಸಿಗಳು ಗುಂಪು ಕಟ್ಟಿಕೊಂಡು ನೋಡಿಕೊಳ್ಳುತ್ತಾ ಬಂದಿದ್ದಾರೆ.

ಅನುಮತಿ ಮತ್ತು ಲಾರಿ

ಕಾಲುವೆ ಸರ್ಕಾರದ ಆಸ್ತಿ. ಹೇಳದೆ ಕೇಳದೆ ಕೆಲಸ ಶುರು ಮಾಡಬೇಡಿ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರ ಕೆಳಗೆ 5 ನಗರ ಪಾಲಿಕೆಗಳಿವೆ. ನಿಮ್ಮ ಜಾಗ ಯಾವ ಪಾಲಿಕೆಗೆ ಸೇರಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ರಾಜಕಾಲುವೆ ನೋಡಿಕೊಳ್ಳುವ ಎಂಜಿನಿಯರ್‌ಗೆ ಒಂದು, ಕಸದ ಉಸ್ತುವಾರಿ ಇರುವ ಅಧಿಕಾರಿಗೆ ಒಂದು ಪತ್ರ ಕನ್ನಡದಲ್ಲಿ ಬರೆಯಿರಿ. ದಿನಾಂಕ, ಜಾಗ, ಎಷ್ಟು ಜನ, ಎಷ್ಟು ಹೊತ್ತು ಅಂತ ಒಂದೇ ಪುಟದಲ್ಲಿರಲಿ. ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಂಡು ಬನ್ನಿ.

ಪತ್ರದಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಲಾರಿಯನ್ನು. ಎತ್ತಿದ ಕಸ ಅದೇ ದಿನ ಅಲ್ಲಿಂದ ಹೋಗಬೇಕು. ದಡದಲ್ಲಿ ಬಿಟ್ಟ ಚೀಲವನ್ನು ನಾಯಿ, ಹಸು ಹರಿದು, ಎರಡೇ ದಿನದಲ್ಲಿ ಅದು ಮತ್ತೆ ನೀರಿಗೆ ಬೀಳುತ್ತದೆ. ಲಾರಿ ಬರುವುದು ಗಟ್ಟಿ ಆಗದಿದ್ದರೆ ಆ ವಾರದ ಕೆಲಸ ಮುಂದೂಡಿ. ಇದರಲ್ಲಿ ಮುಲಾಜು ಬೇಡ.

ಜೀವಕ್ಕಿಂತ ಕಸ ದೊಡ್ಡದಲ್ಲ

ಈ ಭಾಗವನ್ನು ದಯವಿಟ್ಟು ಗುಂಪಿನಲ್ಲಿ ಎಲ್ಲರೂ ಓದಿ.

ಕಾಲುವೆಯ ನೀರಿಗೆ ಇಳಿಯಬೇಡಿ. ನೀರು ಮೊಣಕಾಲಷ್ಟೇ ಕಂಡರೂ ಕೆಳಗೆ ಹೂಳು ಎಷ್ಟಿದೆ ಗೊತ್ತಾಗುವುದಿಲ್ಲ. ಆ ಹೂಳನ್ನು ಕಲಕಿದರೆ ಹೈಡ್ರೋಜನ್ ಸಲ್ಫೈಡ್ ಗಾಳಿ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ. ಜಾಸ್ತಿ ಆದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ಹಾಗೇ ಬೀಳುತ್ತಾನೆ. ಮುಚ್ಚಿದ ಕಾಲುವೆಯೊಳಗೆ, ಕಲ್ವರ್ಟ್ ಕೆಳಗೆ ಬಗ್ಗಿ ನುಗ್ಗಬೇಡಿ. ಮ್ಯಾನ್‌ಹೋಲ್ ಮುಚ್ಚಳ ತೆಗೆಯುವುದಂತೂ ಬೇಡವೇ ಬೇಡ. ಯಾರನ್ನಾದರೂ ಕೂಲಿ ಕೊಟ್ಟು ಇಳಿಸೋಣ ಅನ್ನುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನು ಅದನ್ನು ಅಪರಾಧ ಮಾಡಿದೆ. ಈ ಊರಲ್ಲಿ ಮ್ಯಾನ್‌ಹೋಲಿಗೆ ಇಳಿದು ಸತ್ತವರು ಎಲ್ಲರೂ ಬಡವರೇ.

ನಮ್ಮ ಕೆಲಸ ದಡದಲ್ಲಿ, ಬೇಲಿಯಲ್ಲಿ, ಸೇತುವೆಯ ಬದಿಯಲ್ಲಿ, ನೀರಿಲ್ಲದ ಮೆಟ್ಟಿಲುಗಳಲ್ಲಿ. ಉದ್ದನೆಯ ಬಿದಿರಿನ ದೋಟಿಗೆ ಕೊಕ್ಕೆ ಕಟ್ಟಿಕೊಂಡರೆ ತೇಲುವ ಕಸವನ್ನು ಮೇಲಿಂದಲೇ ಎಳೆಯಬಹುದು. ನೀರಿನ ಒಳಗಿನ ಹಾಸಿಗೆ, ಸೋಫಾ, ಹೂಳಿಗೆ ಪಾಲಿಕೆಯ ಜೆಸಿಬಿಯೇ ಬರಬೇಕು.

ಕಾಲಿಗೆ ಗಮ್‌ಬೂಟ್ ಇರಲಿ, ಕೈಗೆ ದಪ್ಪ ರಬ್ಬರ್ ಗ್ಲೌಸ್. ಆಸ್ಪತ್ರೆಯಲ್ಲಿ ಹಾಕುವ ತೆಳು ಗ್ಲೌಸ್ ಗಾಜಿಗೂ ಸೂಜಿಗೂ ತಡೆಯುವುದಿಲ್ಲ. ಸೂಜಿ, ಸಿರಿಂಜ್ ಕಂಡರೆ ಕೈಯಿಂದ ಎತ್ತದೆ ಇಕ್ಕಳದಿಂದ ಹಿಡಿದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ. ಎಲ್ಲರೂ ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡಿರಲಿ. ಕಾಲಲ್ಲಿ ಗಾಯ ಇದ್ದವರು ಅಂದು ರಿಜಿಸ್ಟರ್ ಬರೆಯುವ ಕೆಲಸ ಮಾಡಲಿ. ಇಲಿ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿ ಜ್ವರ ಬರುತ್ತದೆ. ಕೆಲಸ ಆದ ಮೇಲಿನ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ "ಕೊಳಚೆ ನೀರಿನ ಹತ್ತಿರ ಕೆಲಸ ಮಾಡಿದ್ದೆ" ಅಂತ ಹೇಳಲೇಬೇಕು. ಹೇಳದಿದ್ದರೆ ಅವರು ಅದನ್ನು ಯೋಚಿಸದೇ ಇರಬಹುದು.

ಮಳೆ ವಿಷಯ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಬಡಾವಣೆಯಲ್ಲಿ ಮಳೆ ಬಿದ್ದರೆ ಕಾಲುವೆ ನೋಡುತ್ತಾ ನೋಡುತ್ತಾ ತುಂಬುತ್ತದೆ. ಮೋಡ ಕಟ್ಟಿದರೆ ಕೆಲಸ ನಿಲ್ಲಿಸಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೆಳಗಿನ ಹೊತ್ತು ಎಲ್ಲಕ್ಕಿಂತ ಸುರಕ್ಷಿತ. ಮಕ್ಕಳನ್ನು ಕರೆತಂದರೆ ದಡದ ಹತ್ತಿರ ಬಿಡಬೇಡಿ. ಪೈಪ್ ಎಣಿಸುವುದು, ಹಕ್ಕಿ ಗುರುತಿಸುವುದು, ಗೋಡೆಗೆ ಬಣ್ಣ ಹಚ್ಚುವುದು ಅವರಿಗೆ ಖುಷಿಯ ಕೆಲಸ.

ಆ ದಿನ ಬೆಳಗ್ಗೆ

ಆರೂವರೆಗೆ ಸೇರಿ, ಒಂಬತ್ತಕ್ಕೆ ಮುಗಿಸಿ. ಬಿಸಿಲೇರಿದ ಮೇಲೆ ವಾಸನೆಯೂ ಏರುತ್ತದೆ, ಜನರ ಉತ್ಸಾಹವೂ ಇಳಿಯುತ್ತದೆ. ಇಬ್ಬಿಬ್ಬರಾಗಿ ಕೆಲಸ ಮಾಡಿ, ಒಬ್ಬರೇ ಯಾರೂ ಇರಬಾರದು. ಒಬ್ಬರು ಬರೀ ಗಮನಿಸುತ್ತಾ ನಿಂತಿರಲಿ.

ಎತ್ತುವಾಗಲೇ ಬೇರೆ ಮಾಡಿ. ಪ್ಲಾಸ್ಟಿಕ್, ಬಾಟಲಿ, ಲೋಹ ಒಂದು ಗೋಣಿಚೀಲಕ್ಕೆ. ಡಯಾಪರ್, ಪ್ಯಾಡ್, ಔಷಧಿಯ ಕಸ ಇನ್ನೊಂದಕ್ಕೆ. ಗಾಜು ಬಕೆಟ್ಟಿಗೆ. ಬಟ್ಟೆ, ಫ್ಲೆಕ್ಸ್ ಗುಡ್ಡೆ ಬೇರೆ. ಕಟ್ಟಡ ಒಡೆದ ಕಲ್ಲುಮಣ್ಣಿಗೆ ಕೈ ಹಾಕಬೇಡಿ, ಅದಕ್ಕೆ ಬೇರೆ ಗಾಡಿಯೇ ಬರಬೇಕು. ಅದನ್ನು ತಂದು ಸುರಿದ ಟ್ರ್ಯಾಕ್ಟರಿನ ನಂಬರ್ ಸಿಕ್ಕರೆ ದೂರು ಕೊಡಿ. ಕಾಲುವೆಯಲ್ಲಿ ನೆಂದ ಪ್ಲಾಸ್ಟಿಕ್ ಕೆಸರಾಗಿರುವುದರಿಂದ ಒಣ ಕಸ ಕೇಂದ್ರದವರು ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ, ಮೊದಲೇ ಕೇಳಿಕೊಂಡಿರಿ. ಎಲೆ, ಕಸಕಡ್ಡಿ, ಯಾವುದನ್ನೂ ಅಲ್ಲೇ ಸುಡಬೇಡಿ.

ಕೊನೆಗೆ ಚೀಲ ಎಣಿಸಿ, ಯಾವುದರಲ್ಲಿ ಏನಿತ್ತು ಅಂತ ರಿಜಿಸ್ಟರ್‌ನಲ್ಲಿ ಬರೆದಿಡಿ. ಅಧಿಕಾರಿಗಳ ಮುಂದೆ ಕೂತಾಗ ನಿಮ್ಮ ಕೈಯಲ್ಲಿ ಗಟ್ಟಿಯಾಗಿರುವುದು ಆ ರಿಜಿಸ್ಟರ್ ಒಂದೇ.

ಕಸಕ್ಕಿಂತ ದೊಡ್ಡ ಶತ್ರು ಚರಂಡಿ ನೀರು

ತೇಲುವ ಕಸ ಕಣ್ಣಿಗೆ ಕಾಣುತ್ತದೆ. ನದಿಯನ್ನು ಕೊಲ್ಲುತ್ತಿರುವುದು ಶುದ್ಧ ಮಾಡದೆ ಬಿಟ್ಟ ಚರಂಡಿ ನೀರು. ನಿಮ್ಮ ಶಕ್ತಿಯ ಮುಕ್ಕಾಲು ಪಾಲು ಇಲ್ಲಿಗೇ ಹೋಗಲಿ.

ನಮ್ಮ ಬಡಾವಣೆಗಳಲ್ಲಿ ಎರಡು ತಪ್ಪು ಜೋಡಣೆ ಇವೆ. ಒಂದು, ಮನೆಯ ಬಚ್ಚಲು, ಕಕ್ಕಸಿನ ಪೈಪನ್ನು ಯುಜಿಡಿ (ನೆಲದಡಿಯ ಒಳಚರಂಡಿ) ಬದಲು ಮಳೆ ನೀರಿನ ಚರಂಡಿಗೆ ಕೊಟ್ಟಿರುವುದು. ಇನ್ನೊಂದು, ತಾರಸಿ ಮಳೆ ನೀರನ್ನು ಯುಜಿಡಿ ಚೇಂಬರ್‌ಗೆ ಬಿಟ್ಟಿರುವುದು. ಎರಡನೆಯದರಿಂದ ಜೋರು ಮಳೆಗೆ ಯುಜಿಡಿ ಲೈನ್ ತುಂಬಿ, ಮ್ಯಾನ್‌ಹೋಲ್ ಉಕ್ಕಿ, ಹೊಲಸೆಲ್ಲ ಕಾಲುವೆಗೆ ಹೋಗುತ್ತದೆ. ಮೊದಲು ನಿಮ್ಮ ಮನೆ, ನಿಮ್ಮ ಅಪಾರ್ಟ್‌ಮೆಂಟ್ ಪರೀಕ್ಷೆ ಮಾಡಿಸಿ. ನಿಮ್ಮದು ಸರಿ ಇಲ್ಲದಿದ್ದರೆ ಪಕ್ಕದವರಿಗೆ ಹೇಳಲು ಬಾಯಿ ಬರುವುದಿಲ್ಲ, ಅಲ್ವಾ? ತಾರಸಿ ನೀರಿಗೆ ಸಂಪು, ಇಂಗುಗುಂಡಿ ಮಾಡಿಸಿ. 2009ರಿಂದ ಈ ಊರಲ್ಲಿ ಮಳೆ ನೀರು ಕೊಯ್ಲು ಕಾನೂನಿನಲ್ಲೇ ಇದೆ.

ಹೊರಗಿನ ಪೈಪ್‌ಗಳಿಗೆ ದೂರು ಕೊಡಬೇಕು. ಯುಜಿಡಿ ಉಕ್ಕಿದರೆ, ಪೈಪ್ ಒಡೆದಿದ್ದರೆ ಅದು ಜಲಮಂಡಳಿಯ ಕೆಲಸ, 1916ಕ್ಕೆ ಫೋನ್ ಮಾಡಿ. ಕಸ, ಹೂಳು, ಒಡೆದ ತಡೆಗೋಡೆ ಪಾಲಿಕೆಯ ಕೆಲಸ, 1533. ಬಣ್ಣದ ನೀರು, ಕೆಮಿಕಲ್ ವಾಸನೆ ಬಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. 1974ರ ಜಲ ಕಾಯ್ದೆಯ ಕೆಳಗೆ ಸ್ಯಾಂಪಲ್ ತೆಗೆದು ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿದೆ. ಸಮಯ, ಜಾಗ, ಬಣ್ಣ, ವಿಡಿಯೋ ಜೊತೆಗಿರಲಿ. ರಾತ್ರಿ ಹೊತ್ತು ಒಬ್ಬರೇ ಕಾದು ಕೂರಬೇಡಿ, ಫ್ಯಾಕ್ಟರಿ ಗೇಟಿನಲ್ಲಿ ಜಗಳಕ್ಕೂ ನಿಲ್ಲಬೇಡಿ. ಕಕ್ಕಸಿನ ಪಿಟ್ ಖಾಲಿ ಮಾಡಿದ ಟ್ಯಾಂಕರ್ ಲಾರಿ ಕಾಲುವೆಗೆ ಸುರಿಯುತ್ತಿದ್ದರೆ ದೂರದಿಂದ ನಂಬರ್ ಬರೆದುಕೊಳ್ಳಿ.

ದೂರಿನ ನಂಬರ್ ಇಲ್ಲದೆ ಫೋನ್ ಇಡಬೇಡಿ. "ಅದು ನಮ್ಮದಲ್ಲ, ಅವರದು" ಅಂತ ಎರಡು ಕಚೇರಿಯವರು ಒಬ್ಬರ ಮೇಲೊಬ್ಬರು ಹೇಳುವುದು ಇಲ್ಲಿ ಮಾಮೂಲಿ. ಇದಕ್ಕೆ ಮದ್ದು ಜಂಟಿ ಸ್ಥಳ ಪರಿಶೀಲನೆ. ಇಬ್ಬರು ಎಂಜಿನಿಯರ್‌ಗಳನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಕಾಲುವೆ ಹತ್ತಿರ ಕರೆಸಿ. ನೀವು ನಂಬರ್ ಹಾಕಿದ ಪೈಪ್ ಪಟ್ಟಿ ಅವರ ಕೈಗಿಡಿ. ಎದುರೆದುರು ನಿಂತಾಗ ಕೆಲಸ ಯಾರದು ಅಂತ ಬೇಗ ತೀರ್ಮಾನ ಆಗುತ್ತದೆ.

ಅದೂ ಆಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. "ಯಾಕೆ ಕ್ಲೀನ್ ಮಾಡಿಲ್ಲ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ಸೇತುವೆಯಿಂದ ಇಂಥ ಸೇತುವೆವರೆಗೆ ಕಳೆದ ಎರಡು ವರ್ಷದಲ್ಲಿ ಹೂಳೆತ್ತಲು ಕೊಟ್ಟ ಕಾರ್ಯಾದೇಶ, ಬಿಲ್ ಮತ್ತು ಅಳತೆ ಪುಸ್ತಕದ ನಕಲು ಕೊಡಿ" ಅಂತ ದಾಖಲೆ ಕೇಳಿ.

ಹಬ್ಬದ ಮರುದಿನ

ಆಯುಧಪೂಜೆ ಮುಗಿದ ಮರುದಿನ ಕಾಲುವೆ ನೋಡಬೇಕು. ಬಾಳೆಕಂದು, ಒಡೆದ ಬೂದುಗುಂಬಳ, ಚೆಂಡುಹೂವಿನ ರಾಶಿ. ಗಣೇಶನ ಹಬ್ಬ ಆದ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯ ಕೈಕಾಲು.

ಇಲ್ಲಿ ಗದರಿಸಿದರೆ ಕೆಲಸ ಕೆಡುತ್ತದೆ. ಸೇತುವೆ ಮೇಲೆ ವಯಸ್ಸಾದ ಒಬ್ಬರು ಹೂವಿನ ಕವರ್ ಎಸೆಯಲು ನಿಂತಿದ್ದರು. ನಮ್ಮ ಗುಂಪಿನ ಹುಡುಗಿ ಹತ್ತಿರ ಹೋಗಿ, "ಅಮ್ಮ, ದೇವರ ಹೂವು ಈ ಕೊಳಚೆಗೆ ಬೀಳೋದು ಬೇಡ, ಇಲ್ಲಿ ಕೊಡಿ, ಗಿಡದ ಬುಡಕ್ಕೆ ಹಾಕ್ತೀವಿ" ಅಂದಳು. ಅವರು ಕವರ್ ಕೊಟ್ಟು, "ತುಳಿಯೋ ಜಾಗಕ್ಕೆ ಹಾಕಬಾರದು ಅಂತ ಇಲ್ಲಿಗೆ ತರ್ತಿದ್ದೆ ಮಗಳೇ" ಅಂದರು. ಬಹಳ ಜನರ ಮನಸ್ಸಿನಲ್ಲಿರುವುದು ಇದೇ. ಹಾಗಾಗಿ ಸೇತುವೆ ಪಕ್ಕದಲ್ಲಿ, ತುಳಿಯದ ಎತ್ತರದಲ್ಲಿ, ಹೂವಿಗೆ ಒಂದು ದೊಡ್ಡ ಬುಟ್ಟಿ, ಹಳೆಯ ಫೋಟೋಗಳಿಗೆ ಒಂದು ಕಪಾಟು ಇಡಿ. ಅರ್ಚಕರು ಒಂದು ಮಾತು ಹೇಳಿದರೆ ಇನ್ನೂ ಸುಲಭ. ಬುಟ್ಟಿಯನ್ನು ದಿನವೂ ಖಾಲಿ ಮಾಡುವವರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಸೇತುವೆಯ ಎರಡೂ ಬದಿಗೆ ಎತ್ತರದ ಜಾಲರಿ ಹಾಕಿಸಲು ಪಾಲಿಕೆಗೆ ಬರೆಯಿರಿ, ಗಾಡಿಯಿಂದಲೇ ಎಸೆಯುವವರಿಗೆ ಅದು ತಡೆ.

ದಡದಲ್ಲಿ ಏನು ನೆಡಬೇಕು?

ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ, ಇವು ನೀರಿನ ಪಕ್ಕದಲ್ಲಿ ಚೆನ್ನಾಗಿ ಬರುತ್ತವೆ. ಮಣ್ಣು ಹಿಡಿಯಲು ಲಾವಂಚ, ಲಕ್ಕಿ ಹಾಕಿ. ಅತ್ತಿಯನ್ನು ಕಲ್ಲುಗೋಡೆಯಿಂದ ದೂರ ನೆಡಿ, ಬೇರು ಗೋಡೆ ಒಡೆಯುತ್ತದೆ. ಜೂನ್‌ನಲ್ಲಿ ನೆಟ್ಟರೆ ಮೊದಲ ಬೇಸಿಗೆಗೆ ನೀರು ಹಾಕುವವರು ಬೇಕು. ಆ ಹೆಸರು ಬರೆಯದೆ ಗಿಡ ತರಬೇಡಿ.

ಒಂದು ಎಚ್ಚರಿಕೆ. ಸ್ವಚ್ಛ ಮಾಡುವ ಭರದಲ್ಲಿ ದಡದ ಜೊಂಡನ್ನೆಲ್ಲ ಕಿತ್ತುಹಾಕಬೇಡಿ. ಅದರ ಬೇರು ನೀರಿನ ಕೊಳೆ ಹೀರುತ್ತದೆ, ಹಕ್ಕಿಗಳು ಅದರಲ್ಲೇ ಗೂಡು ಕಟ್ಟುತ್ತವೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆಗೆ ಹೋಗುತ್ತದೆ. ನೇರಳೆ ಹೂವಿನ ವಾಟರ್ ಹಯಸಿಂತ್ ಬೇರೆ ಜಾತಿ, ನೀರಿನ ಮೇಲೆ ಚಾಪೆಯಂತೆ ಹಬ್ಬಿ ಉಸಿರು ಕಟ್ಟಿಸುತ್ತದೆ. ಅದನ್ನು ತೆಗೆಸಬೇಕು. ಆದರೆ ಚರಂಡಿ ನೀರು ನಿಲ್ಲದೆ ಅದು ನಿಲ್ಲುವುದಿಲ್ಲ, ಅದರ ಗೊಬ್ಬರವೇ ಆ ನೀರು.

ದೊಡ್ಡ ಕಂಪನಿಯವರು ದುಡ್ಡು ಕೊಡುತ್ತೇವೆ ಅಂತ ಬರಬಹುದು. ಬೆಂಚು, ಟೈಲ್ಸ್, ಲೈಟಿಗೆ ಹಾಕಿಸಬೇಡಿ. ಜಾಲರಿಗೆ, ತೇಲುವ ಕಸದ ತಡೆಗೆ, ನೀರಿನ ಪರೀಕ್ಷೆಗೆ ಕೇಳಿ.

ತಿಂಗಳಿಗೊಮ್ಮೆ ಲೆಕ್ಕ

ಪ್ರತಿ ತಿಂಗಳು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತು ಫೋಟೋ ತೆಗೆಯಿರಿ. ಬಣ್ಣ, ವಾಸನೆ, ನೊರೆ ಬರೆಯಿರಿ. ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದಿ, ಆಮ್ಲವೋ ಕ್ಷಾರವೋ ಅಂತ ತೋರಿಸುವ ಪಿಎಚ್ ಪಟ್ಟಿಯಿಂದ ನೋಡಿ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಕಿಟ್ ಕೊಂಡರೆ ಒಳ್ಳೆಯದು. ಲೀಟರಿಗೆ 4 ಮಿಲಿಗ್ರಾಂ ಇದ್ದರೆ ಮೀನು ಬದುಕಲು ಯೋಗ್ಯ ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ, ಸ್ನಾನಕ್ಕೆ 5 ಬೇಕು. ವೃಷಭಾವತಿಯಲ್ಲಿ ಸದ್ಯಕ್ಕೆ ಆ ಅಂಕಿ ಸಿಗುವ ಮಾತಿಲ್ಲ. ಆದರೂ ಒಂದು ಪೈಪ್ ಮುಚ್ಚಿಸುವ ಮುಂಚಿನ ಮತ್ತು ಆಮೇಲಿನ ವ್ಯತ್ಯಾಸ ನಿಮ್ಮ ರಿಜಿಸ್ಟರ್‌ನಲ್ಲಿರಲಿ.

ವರ್ಷದ ಕೆಲಸದಲ್ಲಿ ಏಪ್ರಿಲ್ ತಿಂಗಳನ್ನು ತಪ್ಪಿಸಬೇಡಿ. ಮುಂಗಾರಿಗೆ ಮೊದಲು ಹೂಳೆತ್ತುವ ಕೆಲಸ ನಿಮ್ಮ 200 ಮೀಟರ್‌ನಲ್ಲಿ ನಿಜವಾಗಿ ಆಗಿದೆಯಾ ಅಂತ ಎಲ್ಲರೂ ಸೇರಿ ನಡೆದು ನೋಡಿ. ಎತ್ತಿದ ಹೂಳನ್ನು ದಡದಲ್ಲೇ ಗುಡ್ಡೆ ಹಾಕಿ ಹೋಗಿದ್ದರೆ ಅಂದೇ ಫೋಟೋ ಸಮೇತ ಎಂಜಿನಿಯರ್‌ಗೆ ಬರೆಯಿರಿ. ಮೇ ತಿಂಗಳ ಮೊದಲ ಜೋರು ಮಳೆಗೆ ಮುಂಚೆ ಅದು ಲಾರಿ ಹತ್ತಿರಬೇಕು.